ಕೂಲಂಟ್ ಬಾಟಲಿಯಲ್ಲಿ ಕಂದು ಕೆಸರು, ಕೆಳಗೆ ಆಯಿಲ್ ಜಿನುಗು: ಹೆಡ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಹುಬ್ಬಳ್ಳಿ_1248 (ಪ್ರಶ್ನೆ)

ಗಾಡಿ 2013ರ ಡೀಸೆಲ್ ಹ್ಯಾಚ್‌ಬ್ಯಾಕ್. 1.3 ಲೀಟರ್ ಮಲ್ಟಿಜೆಟ್ ಎಂಜಿನ್, 1248 ಸಿಸಿ, 75 ಪಿಎಸ್, ಮ್ಯಾನುಯಲ್ ಗೇರ್. 1,40,000 ಕಿ.ಮೀ. ದಾಟಿದೆ.

ಎರಡು ತೊಂದರೆ ಒಟ್ಟಿಗೆ ಕಾಣಿಸಿಕೊಂಡಿವೆ.

ಒಂದು: ಕೂಲಂಟ್ ಬಾಟಲಿಯ ಒಳಗೆ ರಾಗಿ ಅಂಬಲಿಯಂಥ ಕಂದು ಕೆಸರು. ಕ್ಯಾಪ್‌ನ ಒಳಬದಿಗೂ ಮೆತ್ತಿಕೊಂಡಿದೆ. ಕೂಲಂಟ್ ಕಡಿಮೆಯಾಗುತ್ತಿಲ್ಲ, ಬದಲಿಗೆ ಮಟ್ಟ ಸ್ವಲ್ಪ ಏರಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಎಂದಿನಂತೆ ಕಪ್ಪಾಗಿದೆ, ಹಾಲಿನ ಬಣ್ಣ ಇಲ್ಲ, ಆದರೆ ಮಟ್ಟ ಮ್ಯಾಕ್ಸ್ ಗೆರೆಯಿಂದ ಅರ್ಧದಷ್ಟು ಇಳಿದಿದೆ. ಬಿಳಿ ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ಏರಿಲ್ಲ, ಪಿಕಪ್ ಸರಿಯಾಗಿದೆ.

ಎರಡು: ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಆಯಿಲ್ ತೇವ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಎರಡು ಮೂರು ಹನಿ ಬಿದ್ದಿರುತ್ತದೆ.

ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್) ಹೋಗಿದೆ ಅಂದರು. ಹೆಡ್ ಬಿಚ್ಚಬೇಕು, ಜೊತೆಗೆ ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ ಹಾಕಬೇಕು ಎಂದಿದ್ದಾರೆ. ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಯಾವ ಪರೀಕ್ಷೆ, ಯಾವ ಕ್ರಮದಲ್ಲಿ ಮಾಡಿಸಬೇಕು?

---

ಸ್ಪ್ಯಾನರ್_ಮೈಸೂರು

ಸದ್ಯಕ್ಕೆ ಹೆಡ್ ಬಿಚ್ಚಲು ಒಪ್ಪಬೇಡಿ. ನೀವು ಬರೆದ ಲಕ್ಷಣ ನೋಡಿದರೆ ಮೊದಲ ಅನುಮಾನ ಆಯಿಲ್ ಕೂಲರ್ ಮೇಲೆ ಬರಬೇಕು.

ಈ ಎಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಹೌಸಿಂಗ್‌ಗೆ ಸೇರಿದಂತೆ ಒಂದು ಚಿಕ್ಕ ಆಯಿಲ್ ಕೂಲರ್ ಇದೆ. ಒಳಗೆ ತೆಳು ಪ್ಲೇಟುಗಳ ಪದರ. ಒಂದು ಪದರದಲ್ಲಿ ಆಯಿಲ್ ಹರಿದರೆ ಪಕ್ಕದ ಪದರದಲ್ಲಿ ಕೂಲಂಟ್. ಕೂಲಂಟ್ ಸರಿಯಾಗಿ ಬದಲಿಸದೆ ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಆ ಪ್ಲೇಟು ಒಳಗಿಂದ ತುಕ್ಕು ತಿಂದು ಸೂಜಿ ತೂತು ಬೀಳುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಇದು ಈ ಎಂಜಿನ್ನಿಗಷ್ಟೇ ಸೀಮಿತವಲ್ಲ. ಪ್ಲೇಟ್ ಕೂಲರ್ ಇರುವ ಯಾವ ಎಂಜಿನ್‌ನಲ್ಲೂ ವಯಸ್ಸಾದಂತೆ ಆಗುವುದೇ.

ಆಯಿಲ್ ಮಾತ್ರ ಕೂಲಂಟ್‌ಗೆ ಯಾಕೆ ಹೋಗುತ್ತದೆ, ಕೂಲಂಟ್ ಆಯಿಲ್‌ಗೆ ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಒತ್ತಡವೇ ಕಾರಣ. ಎಂಜಿನ್ ಬಿಸಿಯಾಗಿ 3000 ಆರ್‌ಪಿಎಂ ಆಸುಪಾಸು ಓಡುವಾಗ ಆಯಿಲ್ ಒತ್ತಡ 3ರಿಂದ 5 ಬಾರ್ ಇರುತ್ತದೆ. ಕೂಲಿಂಗ್ ಸಿಸ್ಟಮ್‌ನ ಒತ್ತಡ ಕ್ಯಾಪ್ ಮೇಲೆ ಬರೆದದ್ದಕ್ಕಿಂತ ಮೇಲೆ ಹೋಗುವುದಿಲ್ಲ, ಹೆಚ್ಚೆಂದರೆ 1.1 ಅಥವಾ 1.4 ಬಾರ್. ಹಾಗಾಗಿ ತೂತು ಇದ್ದರೆ ಓಡುವಾಗ ಆಯಿಲ್ಲೇ ಕೂಲಂಟ್ ಕಡೆ ನುಗ್ಗುತ್ತದೆ. ಆದರೆ ಎಂಜಿನ್ ಆಫ್ ಮಾಡಿದ ತಕ್ಷಣ ಆಯಿಲ್ ಒತ್ತಡ ಸೊನ್ನೆ, ಕೂಲಂಟ್‌ನಲ್ಲಿ ಮಾತ್ರ ತಣ್ಣಗಾಗುವ ತನಕ ಒತ್ತಡ ಉಳಿದಿರುತ್ತದೆ. ತೂತು ದೊಡ್ಡದಾದ ಮೇಲೆ ಆ ಹೊತ್ತಿನಲ್ಲಿ ಕೂಲಂಟ್ ಚೇಂಬರ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯಲು ಶುರುವಾಗುತ್ತದೆ. ಇವತ್ತು ಡಿಪ್‌ಸ್ಟಿಕ್ ಶುದ್ಧವಾಗಿದೆ ಎಂದು ಓಡಿಸುತ್ತಾ ಇರಬೇಡಿ.

ನಿಮ್ಮ ಲೆಕ್ಕವೂ ತಾಳೆಯಾಗುತ್ತಿದೆ. ಡಿಪ್‌ಸ್ಟಿಕ್‌ನ ಮಿನ್ ಮತ್ತು ಮ್ಯಾಕ್ಸ್ ನಡುವೆ ಸಾಮಾನ್ಯವಾಗಿ 1 ಲೀಟರ್ ಅಂತರ. ಅರ್ಧ ಇಳಿದಿದೆ ಅಂದರೆ ಸುಮಾರು ಅರ್ಧ ಲೀಟರ್ ಎಲ್ಲೋ ಹೋಗಿದೆ. ನೆಲದ ಮೇಲಿನ ಎರಡು ಮೂರು ಹನಿಯಿಂದ ಅಷ್ಟು ಹೋಗುವುದಿಲ್ಲ. ಕೂಲಂಟ್ ಮಟ್ಟ ಏರಿರುವುದು ಆ ಆಯಿಲ್‌ನಿಂದಲೇ. ಈ ಎಂಜಿನ್ ಹಿಡಿಯುವುದೇ ಫಿಲ್ಟರ್ ಸೇರಿ ಸುಮಾರು 3 ಲೀಟರ್, ಅದರಲ್ಲಿ ಅರ್ಧ ಲೀಟರ್ ಸಣ್ಣದಲ್ಲ.

ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರ್ ಒತ್ತಡ ಕೂಲಂಟ್‌ಗೆ ಸೇರುತ್ತಿದೆಯೇ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಇವೆ, ಕಾಸು ಖರ್ಚಿಲ್ಲ.

ಸಂಜೆ ಓಡಿಸಿ ನಿಲ್ಲಿಸಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ಮೆಲ್ಲಗೆ ತಿರುಗಿಸಿ. ಆರೋಗ್ಯವಾಗಿರುವ ಸಿಸ್ಟಮ್‌ನಲ್ಲಿ ತಣ್ಣಗಾದ ಮೇಲೆ ಒತ್ತಡ ಉಳಿದಿರುವುದಿಲ್ಲ. ಬೆಳಿಗ್ಗೆಯೂ 'ಸುಸ್' ಎಂದು ಗಾಳಿ ಹೊರಬಂದರೆ ಒಳಗೆ ಗ್ಯಾಸ್ ಸೇರಿದೆ ಎಂದರ್ಥ. ಬಿಸಿ ಎಂಜಿನ್‌ನಲ್ಲಿ ಕ್ಯಾಪ್ ಯಾವ ಕಾರಣಕ್ಕೂ ಮುಟ್ಟಬೇಡಿ.

ಅದೇ ತಣ್ಣನೆಯ ಸ್ಥಿತಿಯಲ್ಲಿ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಹಿಸುಕುತ್ತಾ ಇರಿ. ಒಂದೆರಡು ನಿಮಿಷದಲ್ಲೇ, ಪೈಪ್ ಇನ್ನೂ ತಣ್ಣಗಿರುವಾಗಲೇ ಗಟ್ಟಿಯಾದರೆ ಅದು ಶಾಖದಿಂದ ಬಂದ ಒತ್ತಡವಲ್ಲ, ಸಿಲಿಂಡರ್‌ನದು.

ಇವೆರಡೂ ಇಲ್ಲ ಎಂದಾದರೆ ಕೂಲರ್ ಬಿಚ್ಚಿಸಿ. ಅದು ಹೆಡ್ ಕೆಲಸದ ಮುಂದೆ ಏನೂ ಅಲ್ಲ.

---

ಲೇತ್_ಶಿವಮೊಗ್ಗ

ಮೇಲಿನವರು ಹೇಳಿದ್ದು ಸರಿ. ಅದಕ್ಕೂ ಮೊದಲು, ಆ ಕೆಸರು ನಿಜವಾಗಿ ಆಯಿಲ್ಲೇ ಎಂದು ಖಾತ್ರಿ ಮಾಡಿಕೊಳ್ಳಿ. ತುಕ್ಕು ಹಿಡಿದ ಕೂಲಂಟ್, ಎರಡು ಬೇರೆ ಜಾತಿಯ ಕೂಲಂಟ್ ಬೆರೆಸಿದಾಗ ಕಟ್ಟುವ ಜೆಲ್, ಯಾರೋ ಹಿಂದೆ ಸುರಿದ ಲೀಕ್ ನಿಲ್ಲಿಸುವ ಪುಡಿ, ಮೂರೂ ಕಂದು ಕೆಸರಾಗಿಯೇ ಕಾಣುತ್ತವೆ.

ಗಾಜಿನ ಲೋಟದಲ್ಲಿ ಸ್ವಲ್ಪ ಕೆಸರು ತೆಗೆದುಕೊಂಡು ಬಿಸಿನೀರು ಬೆರೆಸಿ ಅಲುಗಿಸದೆ ಒಂದು ರಾತ್ರಿ ಇಡಿ. ಆಯಿಲ್ ಆದರೆ ಮೇಲೆ ತೇಲಿ ಪದರ ಕಟ್ಟುತ್ತದೆ. ತುಕ್ಕು ತಳಕ್ಕೆ ಕೂರುತ್ತದೆ. ಜೆಲ್ ಆದರೆ ತೇಲುವ ಎಣ್ಣೆ ಪದರ ಕಾಣುವುದಿಲ್ಲ, ಚೂರುಚೂರಾಗಿ ನೀರಿನಲ್ಲೇ ಇರುತ್ತದೆ. ಇನ್ನೊಂದು ಉಪಾಯ: ಒಂದು ಹನಿಯನ್ನು ಪತ್ರಿಕೆಯ ಕಾಗದದ ಮೇಲೆ ಹಾಕಿ ಪೂರ್ತಿ ಒಣಗಿಸಿ ಬೆಳಕಿಗೆ ಹಿಡಿಯಿರಿ. ಬೆಳಕು ಹಾಯುವ ಜಿಡ್ಡಿನ ಕಲೆ ಉಳಿದರೆ ಎಣ್ಣೆ ಇದೆ.

ಆಯಿಲ್‌ನಲ್ಲಿ ನೀರು ಇದೆಯೇ ಎಂದು ನೋಡಲು ಬಿಸಿ ಪ್ಲೇಟ್ ಪರೀಕ್ಷೆ. ಚೇಂಬರ್‌ನ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲು ಬರುವ ನಾಲ್ಕು ಹನಿ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ತಳದಲ್ಲೇ ಇರುತ್ತದೆ, ಡಿಪ್‌ಸ್ಟಿಕ್ ತುದಿಗೆ ಸಿಗುವುದಿಲ್ಲ. ಆ ಹನಿಯನ್ನು ಸುಮಾರು 150–160 ಡಿಗ್ರಿಗೆ ಕಾಯಿಸಿದ ಕಬ್ಬಿಣದ ತಟ್ಟೆ ಮೇಲೆ ಬಿಡಿ. ಚಟಪಟ ಸಿಡಿದರೆ ನೀರು ಸೇರಿದೆ. 0.1 ಶೇಕಡಾ ಇದ್ದರೂ ಸಣ್ಣ ಗುಳ್ಳೆ ಎದ್ದು ತೋರಿಸಿಕೊಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಆಯಿಲ್ ಹಾಕುವ ಕ್ಯಾಪ್‌ನ ಒಳಗೆ ಮಾತ್ರ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಓಡುವ ಗಾಡಿಗಳಲ್ಲಿ ಹಬೆ ತಣಿದು ಹಾಗಾಗುವುದು ಸಹಜ. ಅರ್ಧ ಗಂಟೆ ಹೈವೇಯಲ್ಲಿ ಓಡಿಸಿದರೆ ಹೋಗುತ್ತದೆ.

ಈಗ ಒಂದು ಮುಖ್ಯ ತಿದ್ದುಪಡಿ. ಬೆಳಗಿನ ಕ್ಯಾಪ್ ಪರೀಕ್ಷೆ, ಹೋಸ್ ಪರೀಕ್ಷೆ, ಬ್ಲಾಕ್ ಟೆಸ್ಟರ್ (ಕೂಲಂಟ್‌ನಲ್ಲಿ ಸಿಲಿಂಡರ್ ಗ್ಯಾಸ್ ಇದ್ದರೆ ಬಣ್ಣ ಬದಲಿಸುವ ನೀಲಿ ದ್ರವದ ಸಲಕರಣೆ), ಕಂಪ್ರೆಶನ್, ಇವೆಲ್ಲ ಹೇಳುವುದು ಒಂದೇ ವಿಷಯ: ಸಿಲಿಂಡರ್‌ನ ಗ್ಯಾಸ್ ಕೂಲಂಟ್‌ಗೆ ಹೋಗುತ್ತಿದೆಯೋ ಇಲ್ಲವೋ. ಬ್ಲಾಕ್‌ನಿಂದ ಹೆಡ್‌ಗೆ ಆಯಿಲ್ ಏರುವ ದಾರಿಯೂ ಅದೇ ಗ್ಯಾಸ್ಕೆಟ್ ಮೂಲಕ ಹೋಗುತ್ತದೆ. ಗ್ಯಾಸ್ಕೆಟ್ ಆ ಜಾಗದಲ್ಲಿ ಮಾತ್ರ ಹೋಗಿ ಪಕ್ಕದ ನೀರಿನ ದಾರಿಗೆ ಆಯಿಲ್ ಬಿಟ್ಟರೆ ಕಂಪ್ರೆಶನ್ ಪಕ್ಕಾ ಬರುತ್ತದೆ, ಬ್ಲಾಕ್ ಟೆಸ್ಟರ್ ನೀಲಿಯಾಗಿಯೇ ಇರುತ್ತದೆ. ಅಪರೂಪ, ಆದರೆ ಇದೆ. ಆದ್ದರಿಂದ ತೀರ್ಮಾನ ಕೊಡುವ ಪರೀಕ್ಷೆ ಒಂದೇ, ಕೂಲರ್ ಬಿಚ್ಚಿ ಗಾಳಿ ಹಾಕಿ ನೋಡುವುದು.

ಅದನ್ನು ಹೀಗೆ ಮಾಡಿಸಿ. ಕೂಲರ್‌ನ ಆಯಿಲ್ ಬದಿಯ ಒಂದು ಬಾಯಿಯನ್ನು ರಬ್ಬರ್ ಶೀಟ್ ಇಟ್ಟು ಪಟ್ಟಿ ಬೋಲ್ಟ್ ಮಾಡಿ ಮುಚ್ಚಿ. ಇನ್ನೊಂದಕ್ಕೆ ರೆಗ್ಯುಲೇಟರ್ ಮೂಲಕ 3 ಬಾರ್ ಗಾಳಿ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ನೀರಿನ ಬದಿಯ ಬಾಯಿಗಳು ತೆರೆದಿರಲಿ. 80 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಮುಳುಗಿಸಿ ಕನಿಷ್ಠ 5 ನಿಮಿಷ ಕಾಯಿರಿ. ತಣ್ಣೀರಿನಲ್ಲಿ ಪಾಸಾದ ಕೂಲರ್ ಬಿಸಿನೀರಿನಲ್ಲಿ ಗುಳ್ಳೆ ಬಿಡಬಹುದು, ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕುಗಳಿವೆ. ರೇಡಿಯೇಟರ್ ಕೆಲಸ ಮಾಡುವ ಯಾವ ಅಂಗಡಿಯಲ್ಲೂ ಇದಕ್ಕೆ ಬೇಕಾದ ಸಲಕರಣೆ ಇರುತ್ತದೆ. ಕೂಲರ್ ಕೂರುವ ಹೌಸಿಂಗ್‌ನ ಓ-ರಿಂಗ್ ಮತ್ತು ಗ್ಯಾಸ್ಕೆಟ್ ಮುಖವನ್ನೂ ನೋಡಿ, ಎರಡು ದಾರಿ ಪಕ್ಕಪಕ್ಕ ಇರುವಲ್ಲಿ ರಬ್ಬರ್ ಸತ್ತಿದ್ದರೂ ಇದೇ ಲಕ್ಷಣ ಬರುತ್ತದೆ.

ಕೂಲರ್ ಪಾಸಾಯಿತು, ಹೌಸಿಂಗ್ ಸರಿ ಇದೆ ಎಂದಾದರೆ ಆಗ ಹೆಡ್. ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ಹೆಡ್‌ನ ಮುಖದ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಉಕ್ಕಿನ ಪಟ್ಟಿ) ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಕ್ಕೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಬೇಕು. 0.05 ಮಿ.ಮೀ. ಗೇಜ್ ಸಲೀಸಾಗಿ ತೂರಿದರೆ ಫೇಸಿಂಗ್ (ಮುಖ ಕೆತ್ತಿ ಸಮ ಮಾಡುವುದು) ಬೇಕಾಗಬಹುದು, ಎಷ್ಟು ತೆಗೆಯಬಹುದು ಎನ್ನುವುದಕ್ಕೆ ಸರ್ವಿಸ್ ಮ್ಯಾನುಯಲ್‌ನ ಮಿತಿಯೇ ಕೊನೆಯ ಮಾತು. ಡೀಸೆಲ್ ಹೆಡ್‌ನಿಂದ ಹೆಚ್ಚು ತೆಗೆದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆ. ವಾಲ್ವ್‌ಗಳ ನಡುವೆ ಕೂದಲೆಳೆ ಬಿರುಕು ಇದೆಯೇ ಎಂದು ಬಿಸಿನೀರಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ಕೋನ ಅಳೆದು ಬಿಗಿಸುವ ಹೆಡ್ ಬೋಲ್ಟ್‌ಗಳು ಒಮ್ಮೆ ಎಳೆದುಕೊಂಡ ಮೇಲೆ ಮತ್ತೆ ಅದೇ ಹಿಡಿತ ಕೊಡುವುದಿಲ್ಲ, ಹೊಸದನ್ನೇ ಹಾಕಿ. ಇದು ಟೈಮಿಂಗ್ ಚೈನ್ ಎಂಜಿನ್. ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಟೂಲ್ ಇಲ್ಲದ ಕಡೆ ಹೆಡ್ ಬಿಚ್ಚಿಸಲೇಬೇಡಿ.

---

ಧಾರವಾಡ_ಪಾನಾ

ಎಣ್ಣಿ ಸೋರೂದರ ಬಗ್ಗೆ ನಾ ಹೇಳ್ತೀನ್ರಿ. ಗೇರ್‌ಬಾಕ್ಸ್ ಇಳಸೂಕಿಂತ ಮೊದ್ಲ ಎಂಜಿನ್ ತೊಳೀರಿ. ತೊಳೀಲಾರದ ಎಂಜಿನ್ನಿನ್ಯಾಗ ಲೀಕ್ ಎಲ್ಲಿಂದ ಅಂತ ಯಾರಿಗೂ ಹೇಳಾಕ ಬರೂದಿಲ್ಲ.

ಎಣ್ಣಿ ಕೆಳಗ ಇಳೀತೈತಿ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕ ಹಾರತೈತಿ. ಮ್ಯಾಲೆ ಎಲ್ಲೋ ಜಿನಗಿದ್ದು ಬೆಲ್ ಹೌಸಿಂಗ್ (ಎಂಜಿನ್ನಿಗೆ ಕೂಡೂ ಗೇರ್‌ಬಾಕ್ಸಿನ ಅಗಲ ಬಾಯಿ) ತುದೀಗೆ ಬಂದು ಹನಿ ಆಗ್ತೈತಿ. ನೋಡಿದವ್ರು ಹಿಂದಿನ ಸೀಲ್ ಹೋಗೈತಿ ಅಂತಾರ. ಅದಕ್ಕ ಕೆಳಗಿಂದ ನೋಡಬ್ಯಾಡ್ರಿ. ತೇವ ಇರೋ ಜಾಗದಾಗ ಎಲ್ಲಾಕಿಂತ ಮ್ಯಾಲಿಂದು, ಎಲ್ಲಾಕಿಂತ ಮುಂದಿಂದು ಯಾವ್ದು, ಅದನ್ನ ಹುಡುಕ್ರಿ.

ಮೊದ್ಲ ಯಾವ ಎಣ್ಣಿ ಅಂತ ನೋಡ್ರಿ. ಬಿಳಿ ಅಟ್ಟಿ (ರಟ್ಟು) ಕೆಳಗ ಹಾಸಿ ಒಂದು ರಾತ್ರಿ ಬಿಡ್ರಿ. ಡೀಸೆಲ್ ಎಂಜಿನ್ ಎಣ್ಣಿ ಕರ್‍ರಗ ಇರ್ತೈತಿ. ಗೇರ್ ಎಣ್ಣಿ ತಿಳಿ ಕಂದು, ದಪ್ಪ, ಗಂಧಕದ ವಾಸನಿ ಮೂಗಿಗೆ ಹೊಡೀತೈತಿ. ಗೇರ್ ಎಣ್ಣಿ ಆದ್ರ ಆಕ್ಸಲ್ ಸೀಲ್ ಇಲ್ಲಾ ಇನ್‌ಪುಟ್ ಶಾಫ್ಟ್ ಸೀಲ್ ನೋಡ್ಬೇಕು, ಕ್ರ್ಯಾಂಕ್ ಸೀಲಿಗೆ ಸಂಬಂಧ ಇಲ್ಲ.

ಎಂಜಿನ್ ಎಣ್ಣಿನ ಅಂತ ಗೊತ್ತಾದ್ರ ತಣ್ಣಗಿದ್ದಾಗ ಡಿಗ್ರೀಸರ್ ಹೊಡದು, ಬ್ರಶ್ಶಿಲೆ ತಿಕ್ಕಿ, ಸಣ್ಣ ಧಾರಿ ನೀರಿಲೆ ತೊಳೀರಿ. ಆಲ್ಟರ್ನೇಟರ್, ಇಸಿಎಮ್ (ಎಂಜಿನ್ನಿನ ಕಂಪ್ಯೂಟರ್), ಇಂಜೆಕ್ಟರ್ ಕನೆಕ್ಟರ್ ಇವಕ್ಕ ಪ್ಲಾಸ್ಟಿಕ್ ಸುತ್ರಿ. ಪ್ರೆಷರ್ ವಾಶ್ ಬ್ಯಾಡ. ಒಣಗಿದ ಮ್ಯಾಲೆ ಎಣ್ಣಿಗೆ ಯುವಿ ಡೈ ಹಾಕ್ರಿ, 3–4 ಲೀಟರ್ ಎಣ್ಣಿಗೆ ಸಾಮಾನ್ಯ 30 ಎಂ.ಎಲ್. ಬಾಟ್ಲಿ ಸಾಕು. 25–30 ಕಿ.ಮೀ. ಓಡಿಸಿ, ಕತ್ತಲದಾಗ ಯುವಿ ಬ್ಯಾಟರಿ ಹಿಡದು ಹಳದಿ ಕನ್ನಡಕ ಹಾಕ್ಕೊಂಡು ನೋಡ್ರಿ, ಜಿನಗೋ ದಾರಿ ಹಸಿರು-ಹಳದಿ ಹೊಳೀತೈತಿ. ಡೈ ಸಿಗಲಿಲ್ಲಂದ್ರ ಟಾಲ್ಕಂ ಪೌಡರ್ ಉದರಸ್ರಿ, ಎಣ್ಣಿ ಬಂದ ಗೆರಿ ಕಾಣ್ತೈತಿ.

ನೋಡೂ ಜಾಗ ಮ್ಯಾಲಿಂದ ಕೆಳಗ ಹೇಳ್ತೀನಿ. ಎಣ್ಣಿ ಹಾಕೋ ಕ್ಯಾಪಿನ ರಬ್ಬರು. ಕ್ಯಾಮ್ ಹೌಸಿಂಗ್ ಹೆಡ್ಡಿಗೆ ಕೂಡೂ ಜೋಡ. ಹೆಡ್ಡಿಗೆ ಕೂತ ವ್ಯಾಕ್ಯೂಮ್ ಪಂಪಿನ ಗ್ಯಾಸ್ಕೆಟ್, ಇದು ಗೇರ್‌ಬಾಕ್ಸ್ ಕಡೀಗೆ ಜಿನಗಿದ್ರ ಥೇಟ್ ಹಿಂದಿನ ಸೀಲ್ ಹೋದಂಗ ಕಾಣ್ತೈತಿ. ಟರ್ಬೋದಿಂದ ಚೇಂಬರಿಗೆ ಎಣ್ಣಿ ವಾಪಸ್ ಇಳಿಯೂ ಪೈಪಿನ ಎರಡೂ ತುದಿ. ಆಯಿಲ್ ಪ್ರೆಷರ್ ಸ್ವಿಚ್, ಅದರ ಕನೆಕ್ಟರ್ ಕಿತ್ತು ನೋಡ್ರಿ, ಒಳಗ ಎಣ್ಣಿ ಇದ್ರ ಸ್ವಿಚ್ಚ ಹೋಗೈತಿ. ಫಿಲ್ಟರ್ ಹೌಸಿಂಗ್. ಮುಂದಿನ ಕವರ್, ಪುಲ್ಲಿ ಹಿಂದಿನ ಸೀಲ್. ಕಡೀಕ ಚೇಂಬರ್ ಪೇಸ್ಟ್ ಹಚ್ಚಿದ ಅಂಚು, ಡ್ರೈನ್ ಬೋಲ್ಟಿನ ವಾಶರ್. ವಾಶರ್ ಪ್ರತಿ ಸಲ ಹೊಸಾದು ಹಾಕ್ರಿ, ಬೋಲ್ಟ್ ಮೈಮ್ಯಾಲೆ ಬಿದ್ದು ಬಿಗಿಬ್ಯಾಡ್ರಿ, ಅಲ್ಯುಮಿನಿಯಂ ಚೇಂಬರಿನ ಆಟಿ (ಥ್ರೆಡ್) ಹೋಗ್ತೈತಿ.

ಇಂಜೆಕ್ಟರ್ ಸುತ್ತ ಡಾಂಬರಿನಂಗ ಕರೆ ಗಟ್ಟಿ ಪದರ ಇದ್ರ ಅದು ಎಣ್ಣಿ ಲೀಕ್ ಅಲ್ಲ. ಇಂಜೆಕ್ಟರಿನ ತಾಮ್ರದ ವಾಶರ್ ದಾಟಿ ಸಿಲಿಂಡರ್ ಗ್ಯಾಸ್ ಬರಾಕ ಹತ್ತೇತಿ. ಲಗೂನ ಮಾಡಸ್ರಿ, ಬಿಟ್ಟಷ್ಟು ಇಂಜೆಕ್ಟರ್ ಅಲ್ಲೇ ಕಚ್ಕೊಂಡು ಕುಂದರ್ತೈತಿ.

---

ಕಾವೇರಿ_ತೀರ

ಇದೇ ದಾರಿಯಲ್ಲಿ ಒಂದು ಪ್ರಶ್ನೆ. ಪೆಟ್ರೋಲ್ ಆಟೋಮ್ಯಾಟಿಕ್ ಗಾಡಿಯ ಕೂಲಂಟ್ ಬಾಟಲಿಯಲ್ಲಿ ಕಂದು ಅಲ್ಲ, ಗುಲಾಬಿ ಬಣ್ಣದ ಕೆಸರು ಬಂದರೆ? ಅದೂ ಆಯಿಲ್ ಕೂಲರೇ?

ಸ್ಪ್ಯಾನರ್_ಮೈಸೂರು

ಅದು ಬೇರೆ, ಮತ್ತು ಹೆಚ್ಚು ಅಪಾಯದ್ದು. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಮತ್ತು ಹಲವು ಸಿವಿಟಿ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್ ರೇಡಿಯೇಟರ್‌ನ ತೊಟ್ಟಿಯೊಳಗೇ ಅಥವಾ ಗೇರ್‌ಬಾಕ್ಸ್ ಮೇಲೆ ಇರುತ್ತದೆ. ಅದು ತೂತಾದರೆ ಕೆಂಪು ಎಟಿಎಫ್ (ಆ ಗೇರ್‌ಬಾಕ್ಸ್‌ನ ಆಯಿಲ್) ಕೂಲಂಟ್‌ಗೆ ಸೇರಿ ಗುಲಾಬಿ ಕೆಸರಾಗುತ್ತದೆ. ಕೂಲಂಟ್‌ನಲ್ಲಿರುವ ನೀರು ಮತ್ತು ಗ್ಲೈಕಾಲ್ ಅತ್ತ ಕಡೆ ಹೋದರೆ ಗೇರ್‌ಬಾಕ್ಸ್‌ನ ಕ್ಲಚ್ ಪ್ಲೇಟಿನ ಲೈನಿಂಗ್ ಅಂಟು ಬಿಡುತ್ತದೆ. ಗಾಡಿ ಓಡಿಸಬೇಡಿ, ಟೋ ಮಾಡಿಸಿ. ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಆಕ್ಚುಯೇಟರ್ ಕೂರಿಸಿದ ಎಎಂಟಿ ಗಾಡಿಗಳಲ್ಲಿ ಈ ಕೂಲರ್ ಇರುವುದಿಲ್ಲ.

---

ಹುಬ್ಬಳ್ಳಿ_1248

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಮಾಡಿಸಿದೆ. ಫಲಿತಾಂಶ ಇಲ್ಲಿದೆ.

ಲೋಟದಲ್ಲಿ ಮೇಲೆ ಸ್ಪಷ್ಟವಾಗಿ ಕಪ್ಪು ಎಣ್ಣೆ ಪದರ. ಕಾಗದದ ಮೇಲೂ ಜಿಡ್ಡು ಕಲೆ. ಬೆಳಿಗ್ಗೆ ಕ್ಯಾಪ್ ತೆರೆದಾಗ ಗಾಳಿ ಬರಲಿಲ್ಲ, ಹೋಸ್ ಮೆತ್ತಗೇ ಇತ್ತು. ಬ್ಲಾಕ್ ಟೆಸ್ಟರ್ ದ್ರವ ನೀಲಿಯಾಗಿಯೇ ಉಳಿಯಿತು. ಡ್ರೈನ್ ಬೋಲ್ಟ್‌ನಿಂದ ತೆಗೆದ ಹನಿ ಬಿಸಿ ತಟ್ಟೆಯಲ್ಲಿ ಸಿಡಿಯಲಿಲ್ಲ. ಕೂಲರ್ ಬಿಚ್ಚಿ 3 ಬಾರ್ ಹಾಕಿದಾಗ ತಣ್ಣೀರಿನಲ್ಲಿ ಏನೂ ಇಲ್ಲ, ಬಿಸಿನೀರಿನಲ್ಲಿ ಕೂಲಂಟ್ ಬಾಯಿಯಿಂದ ಸಾಲಾಗಿ ಗುಳ್ಳೆ.

ಕೆಳಗಿನ ತೇವಕ್ಕೆ ಡೈ ಹಾಕಿ ನೋಡಿದರೆ ಹೊಳೆಯುವ ಗೆರೆ ವ್ಯಾಕ್ಯೂಮ್ ಪಂಪ್ ಅಂಚಿನಿಂದ ಶುರುವಾಗಿ ಬೆಲ್ ಹೌಸಿಂಗ್ ಮೇಲೆ ಇಳಿದಿದೆ. ಬೆಲ್ ಹೌಸಿಂಗ್ ತಳದ ರಂಧ್ರದ ಒಳಗೆ ಹೊಳಪು ಇಲ್ಲ.

ಈಗ ಸಿಸ್ಟಮ್ ಸ್ವಚ್ಛ ಮಾಡುವುದು ಹೇಗೆ? ಒಬ್ಬರು ಡೀಸೆಲ್ ಸುರಿದು ಹತ್ತು ನಿಮಿಷ ಓಡಿಸಿ ಅಂದರು, ಇನ್ನೊಬ್ಬರು ಬಟ್ಟೆ ಒಗೆಯುವ ಪುಡಿ ಅಂದರು.

---

ಗ್ಲೈಕಾಲ್_ಬೆಂಗಳೂರು

ಡೀಸೆಲ್ ಬೇಡ, ಸೀಮೆಎಣ್ಣೆ ಬೇಡ, ಪೆಟ್ರೋಲ್ ಅಂತೂ ಬೇಡವೇ ಬೇಡ. ಬೆಂಕಿಯ ಅಪಾಯ ಒಂದು ಕಡೆ. ಇನ್ನೊಂದು ಕಡೆ, ಕೂಲಂಟ್ ಹೋಸ್‌ಗಳು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಅದು ಗ್ಲೈಕಾಲ್ ಮತ್ತು ಬಿಸಿನೀರನ್ನು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ, ಆದರೆ ಖನಿಜ ತೈಲ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಈಗಾಗಲೇ ಎಣ್ಣೆ ಕುಡಿದಿರುವ ರಬ್ಬರ್‌ಗೆ ಮತ್ತೆ ಡೀಸೆಲ್ ಕುಡಿಸಿದಂತಾಗುತ್ತದೆ. ಬಟ್ಟೆ ಪುಡಿಯಲ್ಲಿ ನೊರೆ ಜಾಸ್ತಿ. ನೊರೆ ಎಂದರೆ ಗಾಳಿ, ವಾಟರ್ ಪಂಪ್ ಅದನ್ನು ತಳ್ಳಲಾರದು, ಹೆಡ್‌ನಲ್ಲಿ ಗಾಳಿ ನಿಂತು ಅಲ್ಲಲ್ಲೇ ಕಾಯುತ್ತದೆ.

ಮೊದಲು ಹೊಸ ಕೂಲರ್, ಹೊಸ ಓ-ರಿಂಗ್ ಕೂರಿಸಿ. ಹಳೆಯ ಕೂಲರನ್ನು ಬೆಸುಗೆ ಹಾಕಿಸಿ ಮತ್ತೆ ಹಾಕುವ ಯೋಚನೆ ಬಿಡಿ, ಒಂದು ತೂತು ಬಿದ್ದ ಪ್ಲೇಟ್ ಪಕ್ಕದ ಪ್ಲೇಟೂ ಅಷ್ಟೇ ಹಳತು. ಎಂಜಿನ್ ಆಯಿಲ್‌ನಲ್ಲಿ ನೀರು ಇಲ್ಲ ಎಂದು ನೀವು ನೋಡಿದ್ದೀರಿ, ಆದರೂ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ನೀರು ಸಿಕ್ಕಿದ್ದಿದ್ದರೆ ಅಗ್ಗದ ಆಯಿಲ್ ಹಾಕಿ ಸ್ವಲ್ಪ ಹೊತ್ತು ಐಡಲ್ ಓಡಿಸಿ ಇಳಿಸುವ ಕೆಲಸವನ್ನು ಎರಡು ಸಲ ಮಾಡಬೇಕಿತ್ತು. ಗ್ಲೈಕಾಲ್ ಆಯಿಲ್‌ನಲ್ಲಿ ಉಳಿದರೆ ಆಮ್ಲವಾಗಿ ಬೇರಿಂಗ್ ತಿನ್ನುತ್ತದೆ.

ಸ್ವಚ್ಛ ಮಾಡುವಾಗ ಥರ್ಮೋಸ್ಟಾಟ್ ತೆಗೆದುಬಿಡಿ. ಕೆಸರು ಮೆತ್ತಿದ ಥರ್ಮೋಸ್ಟಾಟ್ ಹೇಗಿದ್ದರೂ ಬದಲಿಸಬೇಕು. ಕೂಲಂಟ್ ಬಾಟಲಿ ಬಿಚ್ಚಿ ಹೊರಗೆ ತೊಳೆಯಿರಿ, ಒಳಗೆ ಅಡ್ಡಗೋಡೆ ಇರುವ ಬಾಟಲಿ ಪೂರ್ತಿ ಶುದ್ಧವಾಗುವುದಿಲ್ಲ, ಹೊಸದು ಹಾಕಿದರೆ ಒಳ್ಳೆಯದು. ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ಇಲ್ಲದಿದ್ದರೆ ಕೆಲವು ಗಾಡಿಗಳಲ್ಲಿ ಹೀಟರ್ ಕೋರ್‌ಗೆ ನೀರೇ ಹೋಗುವುದಿಲ್ಲ.

ಹಳೆಯದನ್ನು ಇಳಿಸಿ ಬರೀ ಬಿಸಿನೀರಿನಿಂದ ಒಂದು ಸಲ ತೊಳೆದು ದಪ್ಪ ಕೆಸರು ತೆಗೆಯಿರಿ. ಆಮೇಲೆ ಕೂಲಿಂಗ್ ಸಿಸ್ಟಮ್‌ಗೆಂದೇ ಸಿಗುವ, ಎಣ್ಣೆ ಬಿಡಿಸುವ ಕ್ಲೀನರ್ ಡಬ್ಬದ ಅಳತೆಯಂತೆ ಹಾಕಿ. ಅದು ಸಿಗದಿದ್ದರೆ ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ ಕಡಿಮೆ ನೊರೆಯ ಪುಡಿ, ಒಂದು ಫಿಲ್‌ಗೆ 50–60 ಗ್ರಾಂ, ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಸೋಸಿ ಹಾಕಿ. ಎಂಜಿನ್ ಬಿಸಿಯಾದ ಮೇಲೆ 15–20 ನಿಮಿಷ ಓಡಿಸಿ, ಸ್ವಲ್ಪ ತಣಿದ ಕೂಡಲೇ ಇಳಿಸಿ. ಆ ಪುಡಿ ಕ್ಷಾರ, ರಾತ್ರಿಯಿಡೀ ಬಿಟ್ಟರೆ ಅಲ್ಯುಮಿನಿಯಂ ಹೆಡ್ ಮತ್ತು ರೇಡಿಯೇಟರ್ ತಿನ್ನುತ್ತದೆ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಇಲ್ಲದ ಬಿರುಕನ್ನು ನೀವೇ ತರಿಸಿಕೊಂಡಂತೆ.

ಹೀಗೆ ಎರಡು ಸಲ ಬೇಕಾಗಬಹುದು. ಪ್ರತಿ ಸಲ ನಂತರ ಬರೀ ನೀರು ಹಾಕಿ ಓಡಿಸಿ ಇಳಿಸುತ್ತಾ ಹೋಗಿ, ನೀರು ತಿಳಿಯಾಗಿ, ಮೇಲೆ ಬಣ್ಣದ ಪೊರೆ ಕಾಣದ ತನಕ. ಪಿಎಚ್ ಕಾಗದ ಅದ್ದಿದರೆ ಹಾಕಿದ ನೀರಿನದೇ ಅಂಕಿ ಬರಬೇಕು. ಹೀಟರ್ ಕೋರ್‌ನ ಪೈಪು ಬಿಚ್ಚಿ ಉಲ್ಟಾ ದಿಕ್ಕಿನಲ್ಲಿ, 1 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಬೇರೆಯಾಗಿ ತೊಳೆಯಿರಿ. ಕೆಸರು ಕೊನೆಯವರೆಗೆ ಅಡಗಿ ಕೂರುವುದು ಅಲ್ಲೇ.

ಕೊನೆಯ ತೊಳೆತ ಡಿಎಂ ವಾಟರ್‌ನಲ್ಲಿ (ಲವಣ ತೆಗೆದ ನೀರು). ಬೋರ್‌ವೆಲ್ ನೀರು ಬೇಡ. ಕೋಲಾರ, ರಾಯಚೂರು, ಬೆಂಗಳೂರಿನ ಹೊರವಲಯ, ಎಲ್ಲ ಕಡೆ ಗಡಸು ನೀರು. ಅದರ ಕ್ಯಾಲ್ಸಿಯಂ ಬಿಸಿ ಗೋಡೆಗೆ ಹಿಟ್ಟಿನಂತೆ ಕಟ್ಟುತ್ತದೆ, ಕ್ಲೋರೈಡ್ ಅಲ್ಯುಮಿನಿಯಂ ಕೊರೆಯುತ್ತದೆ.

ತುಂಬುವಾಗ ಬಹಳ ಜನ ತಪ್ಪುವ ಲೆಕ್ಕ ಇಲ್ಲಿದೆ. ಇಳಿಸಿದ ಮೇಲೂ ಬ್ಲಾಕ್‌ನಲ್ಲಿ, ಹೀಟರ್‌ನಲ್ಲಿ ನೀರು ಉಳಿದಿರುತ್ತದೆ. ಅದರ ಮೇಲೆ ರೆಡಿಮಿಕ್ಸ್ ಕೂಲಂಟ್ ಹಾಕಿದರೆ ನಿಮಗೆ ಸಿಗುವುದು 50 ಶೇಕಡಾ ಅಲ್ಲ, ಅದಕ್ಕಿಂತ ತೆಳುವಾದ ಮಿಶ್ರಣ. ಆದ್ದರಿಂದ ಕಾನ್ಸಂಟ್ರೇಟ್ ತನ್ನಿ. ಸಿಸ್ಟಮ್ 6 ಲೀಟರ್ ಹಿಡಿಯುವುದಾದರೆ ಮೊದಲು 3 ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದ ಜಾಗಕ್ಕೆ ಡಿಎಂ ವಾಟರ್. ನಿಮ್ಮ ಗಾಡಿಯ ಅಳತೆ ಓನರ್ಸ್ ಮ್ಯಾನುಯಲ್‌ನಲ್ಲಿದೆ. ರಿಫ್ರಾಕ್ಟೋಮೀಟರ್‌ನಲ್ಲಿ (ಒಂದು ಹನಿಯಿಂದ ಕೂಲಂಟ್ ಹೆಪ್ಪುಗಟ್ಟುವ ಮಟ್ಟ ತೋರಿಸುವ ಸಲಕರಣೆ) ಮೈನಸ್ 37 ಡಿಗ್ರಿ ಆಸುಪಾಸು ತೋರಿಸಿದರೆ ಮಿಶ್ರಣ ಸರಿಯಾಗಿದೆ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ ಎನ್ನಬೇಡಿ. ಆ ಅರ್ಧ ಭಾಗದಲ್ಲೇ ತುಕ್ಕು ತಡೆಯುವ ರಾಸಾಯನಿಕ ಇರುವುದು, ಶಿರಾಡಿ ಘಾಟಿ ಏರುವಾಗ ಕುದಿಯದಂತೆ ಕಾಯುವುದೂ ಅದೇ. ಡಬ್ಬದ ಮೇಲೆ ಐಎಸ್ 5759 (ಕೂಲಂಟ್‌ನ ಭಾರತೀಯ ಮಾನಕ) ಎಂದು ಇದೆಯೇ ನೋಡಿ, ಮ್ಯಾನುಯಲ್ ಹೇಳಿದ ಜಾತಿಯ ಕೂಲಂಟ್ ಅನ್ನೇ ಹಾಕಿ. ಬಣ್ಣ ನೋಡಿ ಜಾತಿ ಊಹಿಸಬೇಡಿ, ಹಸಿರಿಗೂ ಕೆಂಪಿಗೂ ಒಂದು ನಿಯಮ ಇಲ್ಲ.

ಹೋಸ್‌ಗಳನ್ನು ಒಂದೊಂದಾಗಿ ಹಿಸುಕಿ ನೋಡಿ. ಕ್ಲಿಪ್ ಪಕ್ಕ ಉಬ್ಬಿದ್ದು, ಅಂಟಂಟಾದದ್ದು, ಹಿಸುಕಿದರೆ ಎದ್ದು ಬಾರದ್ದು, ಇಂಥವನ್ನೆಲ್ಲ ಬದಲಿಸಿ. ಕ್ಯಾಪ್‌ನ ರಬ್ಬರೂ ಎಣ್ಣೆಗೆ ಸೋತಿರುತ್ತದೆ, ಹೊಸದು ಹಾಕಿ.

---

ಧಾರವಾಡ_ಪಾನಾ

ವ್ಯಾಕ್ಯೂಮ್ ಪಂಪ್ ಆದ್ರ ಛಲೋ ಆತು, ಗೇರ್‌ಬಾಕ್ಸ್ ಇಳಸೂದು ತಪ್ಪಿತು. ಬೆಲ್ ಹೌಸಿಂಗ್ ಒಳಗ ಡೈ ಇಲ್ಲ ಅಂದ್ರ ಹಿಂದಿನ ಸೀಲ್ ಸದ್ಯ ಗಟ್ಟಿ ಐತಿ. ಪಂಪ್ ಬಿಚ್ಚಿ ಎರಡೂ ಮುಖದ ಹಳೆ ಗ್ಯಾಸ್ಕೆಟ್ ಪ್ಲಾಸ್ಟಿಕ್ ಕೆರೆಯೂದ್ರಲೆ ತಗೀರಿ, ಸ್ಯಾಂಡ್ ಪೇಪರ್ ಹಚ್ಚಬ್ಯಾಡ್ರಿ, ಅದರ ಪುಡಿ ಎಣ್ಣಿ ದಾರ್‍ಯಾಗ ಹೋಗ್ತೈತಿ. ಹೊಸಾ ಗ್ಯಾಸ್ಕೆಟ್ ಮ್ಯಾಲೆ ಪೇಸ್ಟ್ ಮೆತ್ತಬ್ಯಾಡ್ರಿ. ಹೆಚ್ಚಾದ ಪೇಸ್ಟ್ ಒಳಗ ಉದುರಿ ಎಣ್ಣಿ ಹೀರೋ ಜಾಳಗಿಗೆ ಕಟ್ತೈತಿ, ಆಗ ಲೀಕ್ ಹೋಗಿ ಬೇರಿಂಗ್ ಕೆಲಸ ಬರ್ತೈತಿ.

ಇನ್ನೊಂದು ನೋಡ್ರಿ. ಐಡಲ್ ಇದ್ದಾಗ ಎಣ್ಣಿ ಹಾಕೋ ಬಾಯಿ ಮ್ಯಾಲೆ ತೆಳು ಪ್ಲಾಸ್ಟಿಕ್ ಹಾಳಿ ಇಡ್ರಿ. ಸಣ್ಣಂಗ ಮಿಡಿದ್ರ ಏನಿಲ್ಲ. ಉಬ್ಬಿ ಹಾರಿ ಬಿದ್ರ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗ್ಯಾಸ್ ಹೊರಗ ಬಿಡೂ ಪೈಪ್) ಕಟ್ಟೈತಿ, ಇಲ್ಲಾ ಪಿಸ್ಟನ್ ರಿಂಗ್ ಸವದಾವು. ಒಳಗಿನ ಒತ್ತಡ ತಗೀಲಾರದ ಎಷ್ಟ ಗ್ಯಾಸ್ಕೆಟ್ ಹಾಕಿದ್ರೂ ಮತ್ತೊಂದು ಕಡೆ ಎಣ್ಣಿ ಹೊರಗ ಬರ್ತೈತಿ.

ಲೇತ್_ಶಿವಮೊಗ್ಗ

ಮುಗಿದ ಮೇಲೆ ಕೂಲಿಂಗ್ ಸಿಸ್ಟಮ್‌ಗೆ ಕೈ ಪಂಪ್ ಟೆಸ್ಟರ್ ಹಾಕಿ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಏರಿಸಿ, ತಣ್ಣನೆಯ ಎಂಜಿನ್‌ನಲ್ಲಿ 15 ನಿಮಿಷ ಮುಳ್ಳು ಇಳಿಯದೆ ನಿಲ್ಲಬೇಕು. 200–300 ಕಿ.ಮೀ. ಓಡಿಸಿ ಬಾಟಲಿ ನೋಡಿ, ಮತ್ತೆ 1000ಕ್ಕೆ ನೋಡಿ. ಅಂಚಿನಲ್ಲಿ ತೆಳು ಜಿಡ್ಡು ಗೆರೆ ಬಂದರೆ ಅದು ಮೂಲೆಯಲ್ಲಿ ಉಳಿದ ಹಳೆಯ ಎಣ್ಣೆ, ಒರೆಸಿ ತೆಗೆಯಿರಿ. ಹೊಸದಾಗಿ ದಪ್ಪ ಕೆಸರು ಕಟ್ಟುತ್ತಾ ಡಿಪ್‌ಸ್ಟಿಕ್ ಮತ್ತೆ ಇಳಿದರೆ, ಆಗ ನಾನು ಮೊದಲು ಹೇಳಿದ ಹೆಡ್‌ನ ಆಯಿಲ್ ದಾರಿಯ ಕಡೆ ಹೋಗಬೇಕಾಗುತ್ತದೆ.